ದರ್ಜಿ ಕೊಂಡ ಕ್ಯಾಮೆರಾ

"ಬುದ್ಧೀ, ಚಿತ್ರ ಚೆನ್ನಾಗಿ ಬರುವ ಕ್ಯಾಮೆರಾ ತೆಗೆದುಕೊಳ್ಳಬೇಕೋ, ಕೈಗೆ ಹಿತವಾಗಿ ಕೂರುವ ಕ್ಯಾಮೆರಾ ತೆಗೆದುಕೊಳ್ಳಬೇಕೋ?"

ಶಿಷ್ಯ ನಿಜಗುಣ ಹೀಗೆ ಕೇಳಿದಾಗ ಗುರುಗಳು ಮಠದ ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಮಠಕ್ಕೆ ಒಂದು ಡಿಜಿಟಲ್ ಕ್ಯಾಮೆರಾ ಕೊಡಿಸುತ್ತೇನೆ, ಯಾವುದು ಬೇಕೋ ಆರಿಸಿ ಹೇಳಿ ಎಂದು ಭಕ್ತರೊಬ್ಬರು ಯುಗಾದಿಯಲ್ಲಿ ಹೇಳಿ ಹೋಗಿದ್ದರು. ಆರಿಸುವ ಕೆಲಸ ನಿಜಗುಣನ ಪಾಲಿಗೆ ಬಂದಿತ್ತು. ಯುಗಾದಿ ಹೋಗಿ, ಗಣಪತಿ ಹಬ್ಬ ಹೋಗಿ, ಅವರೆಕಾಯಿಯ ಕಾಲ ಬಂದಿತ್ತು. ನಿಜಗುಣ ಇನ್ನೂ ಮೀನಮೇಷ ಎಣಿಸುತ್ತಲೇ ಇದ್ದ.

"ಒಂದರಲ್ಲಿ ತೆಗೆದರೆ ಹುಬ್ಬಿನ ಕೂದಲು ಕೂಡ ಒಂದೊಂದಾಗಿ ಕಾಣುತ್ತದೆ, ಬುದ್ಧೀ. ಆದರೆ ಭಾರ. ಹಿಡಿದರೆ ಮಣಿಕಟ್ಟು ನೋಯುತ್ತದೆ. ಇನ್ನೊಂದು ಹಗುರ, ಅಂಗೈಗೆ ಸರಿಯಾಗಿ ಕೂರುತ್ತದೆ. ಆದರೆ ಚಿತ್ರ ಅಷ್ಟಕ್ಕಷ್ಟೆ."

"ಯಾವುದರ ಚಿತ್ರ ತೆಗೀಬೇಕು ಅಂತಿದ್ದೀಯಪ್ಪ?"

"ಎಲ್ಲದರದ್ದೂ, ಬುದ್ಧೀ."

"ಎಲ್ಲದರದ್ದೂ" ಎಂದರು ಗುರುಗಳು. ಸಿಟ್ಟು ಬಂದರೆ ಅವರು ಶಿಷ್ಯರ ಮಾತನ್ನೇ ಒಮ್ಮೆ ತಿರುಗಿಸಿ ಹೇಳುತ್ತಿದ್ದರು. ಆಮೇಲೆ ನಕ್ಕರು. "ಸರಿ, ಕೂತುಕೋ. ಒಬ್ಬ ದರ್ಜಿಯ ಕತೆ ಹೇಳುತ್ತೇನೆ. ಕೈ ಖಾಲಿ ಇಟ್ಟುಕೊಂಡು ಕೂರಬೇಡ, ಆ ಮೊರದಲ್ಲಿರೋದನ್ನ ಸುಲಿ."

ನಿಜಗುಣ ಮೊರವನ್ನು ಎಳೆದುಕೊಂಡು ಕೂತ. ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಅವನಿಗೆ ಒಬ್ಬ ಅಕ್ಕ. ಇವನು ಮೂರು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. ಆಗ ಅಕ್ಕನಿಗೆ ಹದಿಮೂರು. ಅವತ್ತಿನಿಂದ ಅವಳು ಊರಿನವರ ಅಂಗಿಗಳಿಗೆ ಕಾಜ ಹೊಲಿದು, ಗುಂಡಿ ಹಚ್ಚಿ ತಮ್ಮನನ್ನು ಸಾಕಿದಳು. ಕಾಜ ಗೊತ್ತಲ್ಲ, ಗುಂಡಿ ತೂರಿಸುವ ತೂತಿನ ಅಂಚಿಗೆ ಕೈಯಲ್ಲಿ ಹಾಕುವ ಹೊಲಿಗೆ. ಕಣ್ಣು ತಿನ್ನುವ ಕೆಲಸ. ಅಕ್ಕ ಮದುವೆಯಾಗಲಿಲ್ಲ. ದೊಡ್ಡವನಾದ ಮೇಲೆ ತಮ್ಮನೂ ಆಗಲಿಲ್ಲ. ಯಾಕೆ ಅಂತ ಕೇಳಬೇಡ, ಅದು ಬೇರೆ ಕತೆ. ಅದನ್ನು ಹೇಳುವುದಕ್ಕೆ ಇಷ್ಟು ಅವರೆಕಾಯಿ ಸಾಲದು.

ಅಕ್ಕನ ಮೇಲಿನ ಎರಡು ಹಲ್ಲುಗಳ ನಡುವೆ ಒಂದು ಸಂದು ಇತ್ತು. ಚಿಕ್ಕವಳಿದ್ದಾಗ ಯಾರೋ ಆಡಿಕೊಂಡರು. ಆಮೇಲಿಂದ ಹೊರಗಿನವರ ಮುಂದೆ ನಗು ಬಂದರೆ ಅವಳ ಸೆರಗು ತಾನಾಗಿ ಬಾಯಿಗೆ ಹೋಗುತ್ತಿತ್ತು. ತಮ್ಮನ ಮುಂದೆ ಮಾತ್ರ ಬಾಯಿತುಂಬ ನಗುತ್ತಿದ್ದಳು. "ಅಮ್ಮನಿಗೂ ಇದೇ ಸಂದು ಇತ್ತು ಕಣೋ" ಎನ್ನುತ್ತಿದ್ದಳು. ತಾಯಿಯದು ಒಂದು ಫೋಟೋ ಕೂಡ ಇರಲಿಲ್ಲ. ದರ್ಜಿಗೆ ತಾಯಿಯ ಮುಖ ನೆನಪಿರಲಿಲ್ಲ. ಅಕ್ಕ ನಕ್ಕಾಗ ಕಾಣುವ ಆ ಸಂದು ಒಂದೇ ಅವನಿಗೆ ಉಳಿದಿದ್ದ ತಾಯಿ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ಅಕ್ಕನಿಗೂ.

ಹೀಗೇ ದಿನ ಹೋಯಿತು. ಅಕ್ಕನಿಗೆ ಅರವತ್ತೆಂಟಾಯಿತು, ತಮ್ಮನಿಗೆ ಐವತ್ತೆಂಟು.

ಅವರ ಬೀದಿಯಲ್ಲಿ ಒಬ್ಬ ಮುದುಕಿ ತೀರಿಕೊಂಡಳು. ಹನ್ನೊಂದನೆಯ ದಿನದ ಊಟಕ್ಕೆ ಅಕ್ಕ ಹೋದಳು. ಆ ಮನೆಯವರು ಅವಸರದಲ್ಲಿ ಬೇರೆ ಫೋಟೋ ಸಿಗದೆ ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹಾರ ಹಾಕಿ ಗೋಡೆಗೆ ತೂಗುಹಾಕಿದ್ದರು. ಆಧಾರ್ ಫೋಟೋ ಹೇಗಿರುತ್ತದೆ ನಿನಗೆ ಗೊತ್ತು. ನನ್ನದರಲ್ಲಿ ನಾನು ಹುಂಡಿಗೆ ಕೈಹಾಕಿ ಸಿಕ್ಕಿಬಿದ್ದವನ ಹಾಗೆ ಇದ್ದೇನೆ. ಆ ಮುದುಕಿ ಬದುಕಿದ್ದಾಗ ಎಲ್ಲರಿಗೂ ಬಡಿಸಿ ಬಡಿಸಿ ತಿನ್ನಿಸಿದವಳು. ಫೋಟೋದಲ್ಲಿ ಮಾತ್ರ, ಊಟಕ್ಕೆ ಕೂತವರನ್ನೆಲ್ಲ ನಿಮ್ಮನ್ನು ಯಾರು ಕರೆದರು ಎಂದು ಕೇಳುವ ಹಾಗೆ ನೋಡುತ್ತಿದ್ದಳು. ಅಕ್ಕನಿಗೆ ಎರಡನೆಯ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ.

ಮನೆಗೆ ಬಂದವಳೇ ತಮ್ಮನಿಗೆ ಹೇಳಿದಳು: "ನೋಡು, ನಾನು ಹೋದ ಮೇಲೆ ಗೋಡೆಗೆ ಆಧಾರ್ ಫೋಟೋ ಹಾಕಿದೆಯೋ, ದೆವ್ವವಾಗಿ ಬಂದು ನಿನ್ನ ಮಿಷನ್ನಿನ ದಾರ ಕಡೀತಾ ಇರ್ತೀನಿ. ನನ್ನ ಫೋಟೋದಲ್ಲಿ ನಾನು ನಗ್ತಾ ಇರಬೇಕು. ಸಂದು ಕಾಣೋ ಹಾಗೆ."

"ಎಲ್ಲರೂ ನೋಡ್ತಾರಲ್ಲಕ್ಕ."

"ನೋಡಲಿ. ಇಷ್ಟು ವರ್ಷ ಮುಚ್ಚಿಕೊಂಡಿದ್ದು ಸಾಕು."

ದರ್ಜಿಗೆ ಒಳಗೊಳಗೇ ಬಹಳ ಸಂತೋಷವಾಯಿತು. ನಿಧಾನವಾಗಿ ತೆಗೆದರಾಯಿತು ಎಂದುಕೊಂಡ. ಆದರೆ ಆ ವಾರವೇ ಅಕ್ಕನಿಗೆ ವಸಡು ಊದಿಕೊಂಡಿತು. ಹಲ್ಲಿನ ಡಾಕ್ಟರು ನೋಡಿ, ಎಲ್ಲ ಹಲ್ಲೂ ಸಡಿಲವಾಗಿವೆ, ಒಂದನ್ನೂ ಉಳಿಸುವ ಹಾಗಿಲ್ಲ, ಪೂರ್ತಿ ತೆಗೆದು ಹೊಸ ಸೆಟ್ಟು ಕಟ್ಟಬೇಕು ಎಂದರು. ಐದು ವಾರ ಬಿಟ್ಟು ಒಂದು ಸೋಮವಾರ ಗೊತ್ತು ಮಾಡಿದರು.

"ಹೊಸ ಸೆಟ್ಟಿನಲ್ಲಿ ನಡುವೆ ಒಂದು ಸಂದು ಬಿಡೋಕೆ ಆಗುತ್ತಾ ಡಾಕ್ಟ್ರೇ?" ಎಂದು ದರ್ಜಿ ಕೇಳಿಯೂ ಕೇಳಿದ.

"ಸಂದು ಮುಚ್ಚಿ ಅಂತ ಬರೋರನ್ನ ದಿನಾ ನೋಡ್ತೀನಿ" ಎಂದರು ಡಾಕ್ಟರು. "ಬಿಡಿ ಅನ್ನೋರು ನೀವೇ ಮೊದಲು. ಬಿಡಬಹುದು. ಆದರೆ ಅದು ನಾನು ಮಾಡಿದ ಸಂದು ಆಗುತ್ತೆ, ಯಜಮಾನ್ರೇ."

ದರ್ಜಿಗೆ ಬೇಕಾಗಿದ್ದದ್ದು ತಾಯಿ ಕೊಟ್ಟ ಸಂದು. ಅದು ಇನ್ನು ಐದೇ ವಾರ ಇರುವಂಥದ್ದು.

ಸ್ಟುಡಿಯೋದವನನ್ನು ಕರೆಸಬಹುದಿತ್ತಲ್ಲ ಅಂತ ನಿನ್ನ ಮುಖ ಕೇಳುತ್ತಿದೆ. ಕರೆಸಿದ. ಅವನು ಬಾಗಿಲಲ್ಲಿ ಕಾಲಿಟ್ಟ, ಅಕ್ಕನ ಸೆರಗು ಬಾಯಿಗೆ ಹೋಯಿತು. ಅವನು ಎಷ್ಟು ಹೊತ್ತು ಇದ್ದನೋ ಅಷ್ಟು ಹೊತ್ತೂ ಅಲ್ಲೇ ಇತ್ತು. ಮನಸ್ಸು ಸಾಕು ಅಂದರೂ ಕೈ ಕೇಳಬೇಕಲ್ಲ. ದರ್ಜಿಯ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಹಾಗಾಗಿ ತಾನೇ ಒಂದು ಕ್ಯಾಮೆರಾ ಕೊಳ್ಳಬೇಕು, ತಾನೇ ತೆಗೆಯಬೇಕು ಎಂದು ನಿಶ್ಚಯ ಮಾಡಿದ.

ಪಟ್ಟಣದ ಅಂಗಡಿಯಲ್ಲಿ ಅವನ ಮುಂದೆ ಎರಡು ಕ್ಯಾಮೆರಾ ಇಟ್ಟರು. ನಿನ್ನ ಎರಡರ ಹಾಗೇ. ಒಂದು ದೊಡ್ಡದು, ಒಂದು ಸಣ್ಣದು. ಅಂಗಡಿಯವನು ಎರಡರಲ್ಲೂ ತನ್ನದೇ ಒಂದೊಂದು ಚಿತ್ರ ತೆಗೆಸಿ, ಕ್ಯಾಮೆರಾದ ಪರದೆಯಲ್ಲಿ ದೊಡ್ಡದು ಮಾಡಿ ತೋರಿಸಿದ. ಬೇರೆಯವರಾದರೆ ಮುಖ ನೋಡುತ್ತಿದ್ದರು. ಇವನು ದರ್ಜಿ. ಅಂಗಿ ನೋಡಿದ. ದೊಡ್ಡ ಕ್ಯಾಮೆರಾದ ಚಿತ್ರದಲ್ಲಿ ಅಂಗಿಯ ನೂಲು ಎಳೆ ಎಳೆಯಾಗಿ ಕಾಣುತ್ತಿತ್ತು. ಹಾಸು ಯಾವುದು, ಹೊಕ್ಕು ಯಾವುದು ಎಂದು ಬೆರಳಿಟ್ಟು ತೋರಿಸಬಹುದಿತ್ತು. ಸಣ್ಣದರಲ್ಲಿ ಎಲ್ಲ ಕಲಸಿಕೊಂಡಿತ್ತು.

"ನಿಮಗೆ ಈ ಬಟ್ಟೆ ಪೂರ್ತಿ ಹತ್ತಿ ಅಂತ ಕೊಟ್ಟಿದ್ದಾರಾ?" ಎಂದು ದರ್ಜಿ ಕೇಳಿದ.

"ಹೌದು. ಯಾಕೆ?"

"ಅರ್ಧ ಪಾಲಿಯೆಸ್ಟರ್. ನೋಡಿ ಇಲ್ಲಿ, ಎಳೆ ಹೊಳೀತಿದೆ. ದೊಡ್ಡದೇ ಕೊಡಿ."

"ಒಂದು ಸಲ ಹಿಡಿದು ನೋಡಿ, ಕೈಗೆ ಸರಿಹೋಗಬೇಕು" ಎಂದ ಅಂಗಡಿಯವನು. ಅವನು ಒಳ್ಳೆಯ ಮನುಷ್ಯ. ಮೋಸ ಹೋಗಿ ಕೊಂಡ ಅಂಗಿಯನ್ನು ಹಾಕಿಕೊಂಡೂ ಒಳ್ಳೆಯ ಮಾತು ಹೇಳಿದ.

ದರ್ಜಿ ಹಿಡಿದು ನೋಡಿದ. ನಲವತ್ತು ವರ್ಷ ಕತ್ತರಿ ಹಿಡಿದು ಅವನ ಬಲಗೈ ಹೆಬ್ಬೆರಳು ಮರಗಟ್ಟಿತ್ತು, ಪೂರ್ತಿ ಮಡಚುತ್ತಿರಲಿಲ್ಲ. ಕ್ಯಾಮೆರಾ ಬೀಳದ ಹಾಗೆ ಬಿಗಿಯಾಗಿ ಹಿಡಿದರೆ ತೋರುಬೆರಳು ಗುಂಡಿಗೆ ಎಟುಕುತ್ತಿರಲಿಲ್ಲ. ಗುಂಡಿಗೆ ಬೆರಳಿಟ್ಟರೆ ಹಿಡಿತ ಜಾರುತ್ತಿತ್ತು. "ರೂಢಿಯಾಗುತ್ತೆ ಬಿಡಿ" ಎಂದು ಹೇಳಿ ಕೊಂಡುಕೊಂಡ. ಇದೇ ದರ್ಜಿ ತನ್ನ ಅಂಗಡಿಗೆ ಬಂದವರಿಗೆಲ್ಲ, ಬಟ್ಟೆ ಎಷ್ಟೇ ಚೆಂದ ಇರಲಿ, ಕಂಕುಳಲ್ಲಿ ಹಿಡಿದರೆ ನೀವು ಅದನ್ನ ಎರಡನೇ ಸಲ ಹಾಕಲ್ಲ ಎಂದು ಬುದ್ಧಿ ಹೇಳುತ್ತಿದ್ದ. ನಗಬೇಡ. ನೀನೂ ನಾನೂ ಅಂಥವರೇ.

ಮೊದಲನೆಯ ಭಾನುವಾರ ಬಂತು. ಅಕ್ಕನನ್ನು ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂರಿಸಿದ. ಅಕ್ಕ ಏನೋ ನೆನೆಸಿಕೊಂಡು ನಕ್ಕಳು. ಇವನು ಎರಡೂ ಕೈಯಲ್ಲಿ ಕ್ಯಾಮೆರಾ ಎತ್ತಿ, ಹಿಡಿತ ಸಡಿಲಿಸಿ, ಬೆರಳಿನಲ್ಲಿ ಗುಂಡಿ ಹುಡುಕುವಷ್ಟರಲ್ಲಿ ನಗು ಮುಗಿದಿತ್ತು.

"ಹಾಂ, ಈಗ ನಗಕ್ಕ."

"ಈಗ ನಗು ಅಂದರೆ ಬರೋಕೆ ಅದೇನು ನಲ್ಲಿ ನೀರೇನೋ?"

ಹಾಗೆ ಮೂರು ಭಾನುವಾರ ಹೋದವು. ಇಷ್ಟರ ಮೇಲೆ ಇನ್ನೊಂದು ಪಜೀತಿ. ದರ್ಜಿ ಕ್ಯಾಮೆರಾಕ್ಕೆ ಕಣ್ಣಿಟ್ಟು ನೋಡಿದರೆ ಅವನಿಗೆ ಮೊದಲು ಕಾಣುತ್ತಿದ್ದದ್ದು ಅಕ್ಕನ ರವಿಕೆಯ ಭುಜದ ಹೊಲಿಗೆ. ಅವನೇ ಹೊಲಿದದ್ದು. ಕಣ್ಣು ಎಲ್ಲಿಗೆ ಹೋಗುತ್ತದೋ ಕ್ಯಾಮೆರಾ ಅಲ್ಲಿಗೇ ಹೋಗುತ್ತಿತ್ತು. ಚಿತ್ರ ನೋಡಿದರೆ ಹೊಲಿಗೆ ಒಂದೊಂದೂ ಮುತ್ತು ಪೋಣಿಸಿದ ಹಾಗೆ ಸ್ಪಷ್ಟ. ಅಕ್ಕನ ಮುಖ ಮಸುಕು ಮಸುಕು.

"ಇದು ನನ್ನ ಫೋಟೋನಾ, ನನ್ನ ರವಿಕೆ ಫೋಟೋನಾ?" ಎಂದು ಅಕ್ಕ ಕೇಳಿದಳು.

"ಆದರೂ ನೋಡಕ್ಕ, ತೋಳು ಎಷ್ಟು ಚೆನ್ನಾಗಿ ಕೂತಿದೆ."

"ಹಾಗಾದರೆ ನಾನು ಹೋದ ಮೇಲೆ ರವಿಕೆಗೇ ಹಾರ ಹಾಕು."

ದರ್ಜಿಗೆ ಭಯ ಹತ್ತಿತು. ಮೂರು ವಾರ ಕಳೆದಿತ್ತು, ಎರಡು ವಾರ ಉಳಿದಿತ್ತು. ಕ್ಯಾಮೆರಾ ಹೊತ್ತುಕೊಂಡು ಪಟ್ಟಣಕ್ಕೆ ಓಡಿದ. ಅಂಗಡಿಯವನು ಅವನ ಪಾಡು ಕೇಳಿ ನಗಲಿಲ್ಲ. "ಸಣ್ಣದನ್ನ ಹದಿನೈದು ದಿನ ಇಟ್ಟುಕೊಂಡು ನೋಡಿ. ಸರಿಹೋದರೆ ದೊಡ್ಡದನ್ನ ವಾಪಸ್ ತನ್ನಿ, ಬದಲಾಯಿಸಿ ಕೊಡ್ತೀನಿ" ಎಂದು ಹೇಳಿ ಕಳಿಸಿದ.

ಸಣ್ಣ ಕ್ಯಾಮೆರಾ ಕೈಗೆ ಬಂದದ್ದೇ ದರ್ಜಿಗೆ ಹೋದ ಜೀವ ಬಂದ ಹಾಗಾಯಿತು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಹೇಗೋ ಹಾಗೆ, ಇದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದ. ಒಂದು ಸಂಜೆ ಅಡುಗೆಮನೆಯಲ್ಲಿ ಅಕ್ಕ ಮುದ್ದೆ ಕಟ್ಟುತ್ತಾ ಏನೋ ಹೇಳಿ ತಾನೇ ನಕ್ಕಳು. ಇವನು ಜೇಬಿನಿಂದ ತೆಗೆದು ಒತ್ತಿಯೇಬಿಟ್ಟ. ನಗು ಸಿಕ್ಕಿತು. ಇಡೀ ನಗು, ಕಣ್ಣು ಮುಚ್ಚಿಹೋಗುವಂಥ ನಗು.

ಮರುದಿನವೇ ಸ್ಟುಡಿಯೋಕ್ಕೆ ಹೋಗಿ, ಗೋಡೆಗೆ ಹಾಕುವ ಅಳತೆಗೆ ದೊಡ್ಡದು ಮಾಡಿಸಿ, ಸುತ್ತಿಕೊಂಡು ಮನೆಗೆ ತಂದ. ಮೇಜಿನ ಮೇಲೆ ಬಿಡಿಸಿದ. ಇಬ್ಬರೂ ಬಗ್ಗಿ ನೋಡಿದರು.

ಅಡುಗೆಮನೆಯ ಮಂದ ಬೆಳಕು, ಸಣ್ಣ ಕ್ಯಾಮೆರಾ, ದೊಡ್ಡ ಅಳತೆ. ಚಿತ್ರವೆಲ್ಲ ರವೆ ರವೆಯಾಗಿತ್ತು. ಹಲ್ಲುಗಳೆಲ್ಲ ಒಂದರೊಳಗೊಂದು ಕಲಸಿ ಉದ್ದಕ್ಕೆ ಒಂದೇ ಬಿಳಿ ಪಟ್ಟಿಯಾಗಿತ್ತು. ಸಂದು ಇರಲಿಲ್ಲ.

"ಇದೇನೋ, ಬಾಯೊಳಗೆ ಕಾಲರ್ ಪಟ್ಟಿ ಇಟ್ಟುಕೊಂಡ ಹಾಗಿದ್ದೀನಿ" ಎಂದು ಅಕ್ಕ ನಕ್ಕಳು. ತಮ್ಮನ ಮುಖ ನೋಡಿ ಮಾತು ಬದಲಿಸಿದಳು. "ಇರಲಿ ಬಿಡು. ನಗು ಬಂದಿದೆಯಲ್ಲ, ಸಾಕು."

"ಸಾಕಾಗಲ್ಲಕ್ಕ" ಎಂದ ದರ್ಜಿ. "ನನಗೆ ಅಮ್ಮನ ಮುಖ ಗೊತ್ತಿಲ್ಲ. ನಿನ್ನ ಈ ಸಂದು ಒಂದೇ ಗೊತ್ತಿರೋದು."

ಐವತ್ತೈದು ವರ್ಷದಲ್ಲಿ ಅವನು ಆ ಮಾತು ಆಡಿದ್ದು ಅದೇ ಮೊದಲು. ಅಕ್ಕ ಅವನ ತಲೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಇಬ್ಬರಿಗೂ ಊಟ ಬಡಿಸಿದಳು. ದರ್ಜಿ ಅವತ್ತು ಸರಿಯಾಗಿ ಉಣ್ಣಲಿಲ್ಲ.

ಆಮೇಲೆ ಅವನು ಏನು ಮಾಡಿದ ಗೊತ್ತೇ? ನೀನು ಮಾಡುತ್ತಿರುವುದನ್ನೇ ಮಾಡಿದ. ಎರಡೂ ಕ್ಯಾಮೆರಾಗಳನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಕೂತ. ಇದನ್ನು ಎತ್ತುವುದು, ಇಡುವುದು. ಅದನ್ನು ಎತ್ತುವುದು, ಇಡುವುದು. ಇದರಲ್ಲಿ ಸಂದು ಬರುತ್ತದೆ, ನಗು ಸಿಗುವುದಿಲ್ಲ. ಅದರಲ್ಲಿ ನಗು ಸಿಗುತ್ತದೆ, ಸಂದು ಬರುವುದಿಲ್ಲ. ಹೀಗೆ ಒಂದು ವಾರ ಕೊಳೆ ಹಾಕಿದ. ಹೊಲಿಯುವ ಬಟ್ಟೆ ರಾಶಿ ಬಿತ್ತು. ಶನಿವಾರ ಬಂತು. ಸೋಮವಾರ ಹಲ್ಲು ಕೀಳುವ ದಿನ.

ಆ ಶನಿವಾರ ಬೆಳಿಗ್ಗೆ ಒಬ್ಬ ಮದುವೆ ಗಂಡು ಅಂಗಡಿಗೆ ಬಂದ. ರೆಡಿಮೇಡ್ ಕೋಟು ತಂದಿದ್ದ. ಎದೆ ಬಿಗಿ, ತೋಳು ಉದ್ದ. ತೊಟ್ಟುಕೊಂಡು ನಿಂತರೆ ಬೇರೆಯವರ ಮದುವೆಗೆ ಹೊರಟವನ ಹಾಗೆ ಕಾಣುತ್ತಿದ್ದ. ದರ್ಜಿ ಕ್ಯಾಮೆರಾದಿಂದ ಕಣ್ಣು ತೆಗೆಯದೆ, "ಬಿಟ್ಟು ಹೋಗಪ್ಪ, ಸರಿಮಾಡಿ ಕೊಡ್ತೀನಿ" ಎಂದ. ಹುಡುಗ ಕೋಟು ಬಿಟ್ಟು ಹೋದ.

ಅಕ್ಕ ಬಾಗಿಲ ಹತ್ತಿರ ಕೂತು ಒಂದು ಅಂಗಿಗೆ ಕಾಜ ಹೊಲಿಯುತ್ತಿದ್ದಳು. "ಅದನ್ನ ವಾಪಸ್ ಕೊಟ್ಟು ಬೇರೆ ತಗೋ ಅಂತ ಅವನಿಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದಳು.

"ಬಟ್ಟೆ ಚೆನ್ನಾಗಿದೆಯಲ್ಲಕ್ಕ. ಅವನ ಮೈಗೆ ಸರಿಮಾಡಿದರಾಯ್ತು."

"ಹೌದಾ" ಎಂದಳು ಅಕ್ಕ. ಅಷ್ಟೇ ಹೇಳಿದ್ದು. ಹೇಳಿ ದೊಡ್ಡ ಕ್ಯಾಮೆರಾ ಕಡೆಗೆ ಒಮ್ಮೆ ನೋಡಿ, ಹಲ್ಲಿನಲ್ಲಿ ದಾರ ಕಡಿದಳು.

ದರ್ಜಿಯ ಕಣ್ಣು ಕೋಟಿನಿಂದ ಕ್ಯಾಮೆರಾಕ್ಕೆ ಹೋಯಿತು. ಆಮೇಲೆ ಎದ್ದು ಟೇಪು ತೆಗೆದುಕೊಂಡ. ಮೊದಲು ತನ್ನ ಅಂಗೈ ಅಳೆದ. ಬೆರಳು ಅಳೆದ. ಹೆಬ್ಬೆರಳು ಎಲ್ಲಿಯವರೆಗೆ ಮಡಚುತ್ತದೆ ಎಂದು ಅಳೆದ. ಕ್ಯಾಮೆರಾದ ಎದೆಸುತ್ತು ಅಳೆದ, ಎತ್ತರ ಅಳೆದ. ಅಳತೆಯನ್ನೆಲ್ಲ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡ. ನಲವತ್ತು ವರ್ಷದಿಂದ ಊರಿನವರಿಗೆಲ್ಲ ಆಲ್ಟರ್ ಮಾಡಿಕೊಟ್ಟ ಮನುಷ್ಯನಿಗೆ ಇದು ಹೊಳೆಯುವುದಕ್ಕೆ ನಾಲ್ಕು ವಾರದ ಮೇಲೆ ಆರು ದಿನ ಬೇಕಾಯಿತು.

ಹಳೆಯ ಜೀನ್ಸ್ ಪ್ಯಾಂಟಿನ ತುಂಡು ಕತ್ತರಿಸಿದ. ಒಳಗೆ ಸ್ಪಂಜು ಇಟ್ಟ. ಕ್ಯಾಮೆರಾದ ಮೈಗೆ ಒಂದು ಕವಚ, ಬಲಗಡೆ ಕೈ ತೂರಿಸುವ ಹಾಗೆ ಒಂದು ಅಗಲ ಪಟ್ಟಿ. ಕೈ ತೂರಿಸಿದರೆ ಭಾರವೆಲ್ಲ ಮುಂಗೈಯ ಪಟ್ಟಿಯ ಮೇಲೆ ಬೀಳಬೇಕು, ಹೆಬ್ಬೆರಳು ಹಿಡಿಯುವ ಗೋಜೇ ಇರಬಾರದು, ತೋರುಬೆರಳು ತಾನಾಗಿ ಗುಂಡಿಯ ಮೇಲೆ ಕೂರಬೇಕು. ಮೂರು ಸಲ ಹೊಲಿದ, ಎರಡು ಸಲ ಬಿಚ್ಚಿದ. ಮೂರನೆಯ ಸಲ ಕೈ ತೂರಿಸಿದಾಗ ಬೆರಳು ಗುಂಡಿಯ ಮೇಲೆ ಹೋಗಿ ಕೂತಿತು. ಕ್ಯಾಮೆರಾ ಅದೇ, ಚಿತ್ರ ಅದೇ, ಕೈಯೂ ಅದೇ. ಆದರೆ ಈಗ ಮೂರಕ್ಕೂ ಜಗಳ ಇರಲಿಲ್ಲ.

ಅಲ್ಲಿಗೆ ಬಿಡಬಹುದಿತ್ತು. ಆದರೆ ಅವನು ದರ್ಜಿ, ಅಂಚು ಬೋಳಾಗಿ ಬಿಟ್ಟರೆ ಅವನಿಗೆ ನಿದ್ದೆ ಬರುವುದಿಲ್ಲ. ಅಕ್ಕನ ರವಿಕೆ ಹೊಲಿದು ಉಳಿದಿದ್ದ ಹಳದಿ ಬಟ್ಟೆಯಲ್ಲಿ ಅಂಚಿಗೆಲ್ಲ ಪೈಪಿಂಗ್ ಕೊಟ್ಟ. ಪಕ್ಕದಲ್ಲಿ ಬಿಚ್ಚಿ ಹಾಕುವುದಕ್ಕೆ ಹುಕ್ಕು ಇಟ್ಟ. ಕೆಳಗೆ ಒಂದು ಎಳೆ ಲೇಸು ಕೂಡ ಹಚ್ಚಿದ. ಇಷ್ಟೆಲ್ಲ ಮಾಡಿದವನಿಗೆ ತಾನು ಏನು ಹೊಲಿದಿದ್ದೇನೆ ಎಂಬುದು ಕಾಣಲಿಲ್ಲ.

ಭಾನುವಾರ ಬೆಳಿಗ್ಗೆ ಅಕ್ಕ ಹಿತ್ತಲಲ್ಲಿ ಬಿಸಿಲಿಗೆ ಕೂತು ಅಕ್ಕಿ ಆರಿಸುತ್ತಿದ್ದಳು. ಆಗ ತಾನೇ ಉಪ್ಪಿಟ್ಟು ತಿಂದು ಬಂದಿದ್ದಳು. ತಮ್ಮ ಕ್ಯಾಮೆರಾಕ್ಕೆ ಕೈ ತೂರಿಸಿಕೊಂಡು ಬಂದು ಎದುರಿಗೆ ನಿಂತ. ಅವನ ಮುಖ ಬಹಳ ಗಂಭೀರವಾಗಿತ್ತು. ನಾಳೆ ಎಂಬುದೊಂದೇ ಅವನ ತಲೆಯಲ್ಲಿ ಇತ್ತು.

ಅಕ್ಕ ತಲೆಯೆತ್ತಿ ನೋಡಿದಳು. ಪೈಪಿಂಗ್ ನೋಡಿದಳು. ಹುಕ್ಕು ನೋಡಿದಳು. ಲೇಸು ನೋಡಿದಳು.

"ಏನೋ ಇದು" ಎಂದಳು, "ಕ್ಯಾಮೆರಾಗೆ ರವಿಕೆ ಹೊಲಿದಿದ್ದೀಯಾ?"

ದರ್ಜಿ ಬಗ್ಗಿ ನೋಡಿಕೊಂಡ. ಹೌದು, ರವಿಕೆಯೇ.

"ಅದೂ ಒಂದೇ ತೋಳಿನದ್ದು" ಎಂದಳು ಅಕ್ಕ. ಅಲ್ಲಿಗೆ ಅವಳ ಕೈಯಲ್ಲಿದ್ದ ಮೊರ ಅಲುಗಾಡತೊಡಗಿತು. "ಒಂದು ಸೀರೆ ಉಡಿಸಿ ಅರಿಶಿನ ಕುಂಕುಮಕ್ಕೆ ಕರ್ಕೊಂಡು ಹೋಗೋದೊಂದು ಬಾಕಿ."

ಆಮೇಲೆ ನಗು ಬಂತು ನೋಡು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೊರ ಜಾರಿ ಅಕ್ಕಿ ಚೆಲ್ಲಿತು, ಅದಕ್ಕೂ ನಕ್ಕಳು. ಬಾಯಿತುಂಬ, ಬಿಸಿಲಿಗೆ ಮುಖ ಎತ್ತಿ, ಹದಿಮೂರರ ಹುಡುಗಿಯ ಹಾಗೆ ನಕ್ಕಳು. ದರ್ಜಿಯ ಬೆರಳು ಗುಂಡಿಯ ಮೇಲೇ ಇತ್ತು. ಅವನು ಒತ್ತಿದ. ಮತ್ತೆ ಒತ್ತಿದ. ಅವನಿಗೂ ನಗು ತಡೆಯಲಿಲ್ಲ, ನಗುತ್ತಲೇ ಒತ್ತಿದ. ಭಾರ ಎಂಬುದು ಅವನಿಗೆ ನೆನಪಾಗಲಿಲ್ಲ.

ಅವತ್ತು ಸಂಜೆಯೇ ದೊಡ್ಡದು ಮಾಡಿಸಿ ತಂದು ಮೇಜಿನ ಮೇಲೆ ಬಿಡಿಸಿದ. ಸಂದು ಇತ್ತು. ಎಷ್ಟು ಸ್ಪಷ್ಟವಾಗಿತ್ತು ಎಂದರೆ ಅದರಲ್ಲಿ ಬೆಳಗಿನ ಉಪ್ಪಿಟ್ಟಿನ ಒಂದು ಕೊತ್ತಂಬರಿ ಚೂರು ಸಿಕ್ಕಿಕೊಂಡಿದ್ದದ್ದೂ ಕಾಣುತ್ತಿತ್ತು.

"ಅದನ್ನ ಅಳಿಸಿಕೊಡ್ತೀನಿ ಅಂದ ಸ್ಟುಡಿಯೋದವನು" ಎಂದ ದರ್ಜಿ. "ನಾನು ಬೇಡ ಅಂದೆ."

"ಒಳ್ಳೇದು ಮಾಡಿದೆ. ನಮ್ಮನೆ ಉಪ್ಪಿಟ್ಟು ಅದು" ಎಂದಳು ಅಕ್ಕ.

ದರ್ಜಿ ಚಿತ್ರದಿಂದ ಕಣ್ಣು ಕೀಳಲಿಲ್ಲ. ನೋಡುತ್ತಲೇ ಕೇಳಿದ: "ಅಮ್ಮ ಹೀಗೇ ಇದ್ದಳಾ?"

"ಹೀಗೇ ಇದ್ದಳು."

ದರ್ಜಿ ಅತ್ತ. ಸಂತೋಷಕ್ಕೇ ಅತ್ತ. ಅಕ್ಕನ ರವಿಕೆಯ ಬಲತೋಳಿನ ಹೊಲಿಗೆ ಆ ಚಿತ್ರದಲ್ಲಿ ಬಿಚ್ಚಿಹೋಗಿತ್ತು, ದಾರ ಜೋತಾಡುತ್ತಿತ್ತು. ಅದು ಅವನ ಕಣ್ಣಿಗೆ ಬಿದ್ದದ್ದು ಮೂರು ದಿನದ ಮೇಲೆ.

ಸೋಮವಾರ ಅಕ್ಕ ಹೋಗಿ ಹಲ್ಲು ಕೀಳಿಸಿಕೊಂಡು ಬಂದಳು. ಸಣ್ಣ ಕ್ಯಾಮೆರಾವನ್ನು ದರ್ಜಿ ಅಂಗಡಿಯವನಿಗೆ ಒಪ್ಪಿಸಿ, ಜೊತೆಗೆ ಪೂರ್ತಿ ಹತ್ತಿಯ ಒಂದು ಅಂಗಿ ಹೊಲಿದು ಕೊಟ್ಟ. ಚಿತ್ರಕ್ಕೆ ಕಟ್ಟು ಹಾಕಿಸಿ ಬೀರುವಿನಲ್ಲಿ ಇಡೋಣ ಎಂದ. ಅಕ್ಕ ಕೇಳಲಿಲ್ಲ. "ನಾನು ಹೋದ ಮೇಲೆ ಹಾಕಿದರೆ ನಾನು ನೋಡೋದು ಯಾವಾಗ?" ಎಂದು ನಡುಮನೆಯಲ್ಲೇ ಹಾಕಿಸಿದಳು. ಮರುದಿನ ಎದುರು ಮನೆಯಾಕೆ ಸಕ್ಕರೆ ಕೇಳುವುದಕ್ಕೆ ಬಂದವಳು ಗೋಡೆ ನೋಡಿದಳು. ಅಯ್ಯೋ, ಹಲ್ಲು ಕೀಳಿಸೋಕೆ ಹೋದವರು ಹೋಗೇಬಿಟ್ಟರಲ್ಲ ಎಂದು ಅಲ್ಲೇ ಕುಸಿದು ಕೂತು ಅಳತೊಡಗಿದಳು. ಅಕ್ಕ ಬೊಚ್ಚುಬಾಯಲ್ಲಿ ಒಳಗಿನಿಂದ ಬಂದು, ಸಕ್ಕರೆ ಕೊಟ್ಟು, ಅವಳಿಗೆ ಕಾಫಿ ಮಾಡಿಕೊಟ್ಟು ಕಳಿಸಿದಳು. ಅಷ್ಟರೊಳಗೆ ಬೀದಿಯ ಆ ಕೊನೆಯಿಂದ ಒಬ್ಬರು ಹಾರ ಹಿಡಿದುಕೊಂಡು ಹೊರಟಾಗಿತ್ತು.

ಅಕ್ಕ ಈಗಲೂ ಗಟ್ಟಿಯಾಗಿದ್ದಾಳೆ. ಹೊಸ ಸೆಟ್ಟಿನಲ್ಲಿ ಚಕ್ಕುಲಿ ಕಡಿಯುತ್ತಾಳೆ. ಹೊರಗಿನವರು ಬಂದರೆ ಸೆರಗು ಬಾಯಿಗೆ ಹೋಗುವುದಿಲ್ಲ, ಬೆರಳು ಗೋಡೆಯ ಕಡೆಗೆ ಹೋಗುತ್ತದೆ. ನೋಡಿ, ನಾನು ಹೀಗಿದ್ದೆ, ನಮ್ಮಮ್ಮನೂ ಹೀಗೇ ಇದ್ದಳು ಎನ್ನುತ್ತಾಳೆ.

ಗುರುಗಳು ಕತೆ ನಿಲ್ಲಿಸಿದರು. ನಿಜಗುಣ ಕೈಯಲ್ಲಿದ್ದ ಅವರೆಕಾಯಿಯನ್ನು ಮರೆತು ನಗುತ್ತಾ ಕೂತಿದ್ದ. ಆಮೇಲೆ ಏನೋ ಹೊಳೆದವನ ಹಾಗೆ ಮುಂದೆ ಸರಿದ.

"ಬುದ್ಧೀ, ಆ ದೊಡ್ಡ ಕ್ಯಾಮೆರಾದ ಹೆಸರೇನು?"

ಗುರುಗಳು ಅವನ ಮುಖವನ್ನೇ ನೋಡಿದರು.

"ಆ ಅಕ್ಕನ ಹೆಸರೇನು ಅಂತ ನೀನು ಕೇಳಲೇ ಇಲ್ಲವಲ್ಲಪ್ಪ."